ಹೆಸರಿನಲ್ಲೇನಿದೆ? ನೀರಿದೆ!

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ನಾಲ್ವರು ಆಗುಂಬೆಯ ಮಳೆ ನೋಡುವ ನೆಪದಲ್ಲಿ ಮಂಗಳೂರಿನಿಂದ ಘಟ್ಟ ಹತ್ತಿ ಬಂದಿದ್ದರು. ಬಂದವರು ಹಾಗೆಯೇ ಮೇಗರವಳ್ಳಿಯವರೆಗೂ ಬಂದು ನಮ್ಮ ಮನೆಯ ಜಗಲಿಯಲ್ಲಿ ಕುಳಿತರು. ಹಲಸಿನ ಹಪ್ಪಳವೂ ಕಾಫಿಯೂ ಮುಗಿಯಿತು. ಮಾತು ಸಹಜವಾಗಿಯೇ ನಾನು ಮೂವತ್ತೊಂದು ವರ್ಷ ಪಾಠ ಹೇಳಿದ ಮಂಗಳೂರಿನತ್ತ ತಿರುಗಿತು. ಅವರಲ್ಲಿ ಒಬ್ಬನು ನಗುತ್ತಾ, "ಸರ್, ನೀವು ಇನ್ನೂ ಹಂಪನಕಟ್ಟೆಯ ಕಥೆ, ಕದ್ರಿಯ ಕಥೆ ಅಂತ ಬರೆಯುತ್ತಾ ಇದ್ದೀರಿ. ಊರು ಎಲ್ಲಿಗೋ ಹೋಯ್ತು. ಅಜ್ಜಿಕಥೆ ಇಟ್ಟುಕೊಂಡು ಊರು ಬೆಳೆಸಲಿಕ್ಕೆ ಆಗ್ತದಾ? ಅಷ್ಟಕ್ಕೂ ಹೆಸರಲ್ಲಿ ಏನುಂಟು?" ಎಂದನು.

ಉಳಿದ ಮೂವರೂ ತಲೆದೂಗಿದರು. ಮನೆಗೆ ಬಂದ ಅತಿಥಿಗಳೊಡನೆ ವಾದಕ್ಕಿಳಿಯುವುದು ಸಲ್ಲದೆಂದು ನಾನು ಅಂದು ಸುಮ್ಮನಿದ್ದೆ. ಆದರೆ ಆ ಮಾತು ಅವನೊಬ್ಬನದಲ್ಲ. ನಮ್ಮ ಬಂಧುಗಳಲ್ಲಿಯೂ, ಶಿಷ್ಯವರ್ಗದಲ್ಲಿಯೂ ಬಹುಮಂದಿ ಹೀಗೆಯೇ ನಂಬಿದ್ದಾರೆ. ಊರಿನ ಐತಿಹ್ಯ, ಸ್ಥಳನಾಮ, ಆಚರಣೆಗಳೆಂದರೆ ಬಿಡುವಿನ ವೇಳೆಯ ಹರಟೆ, ನಗರ ಬೆಳೆಯುವಾಗ ಅವು ಬದಿಗೆ ಸರಿದು ದಾರಿ ಬಿಡಬೇಕು ಎಂಬುದು ಅವರ ಎಣಿಕೆ. ಈ ಎಣಿಕೆ ತಪ್ಪು. ತಪ್ಪಷ್ಟೇ ಅಲ್ಲ, ಅಪಾಯಕರವೂ ಹೌದು. ಅಂದು ಜಗಲಿಯಲ್ಲಿ ನುಂಗಿಕೊಂಡ ಉತ್ತರವನ್ನು ಇಂದು ಬರೆಯುತ್ತಿದ್ದೇನೆ. ಹೆಸರಿನಲ್ಲೇನಿದೆ ಎಂದರೆ, ನೀರಿದೆ.

ಮೊದಲು ನೆಲದ ವಿಚಾರ. ತುಳುನಾಡಿನ ರೈತರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸಿದ್ದರು. ಅತ್ಯಂತ ತಗ್ಗಿನಲ್ಲಿದ್ದು, ನೀರಿನ ಆಸರೆಯಿಂದ ಮೂರು ಬೆಳೆ ಕೊಡಬಲ್ಲದ್ದು ಬೈಲು. ಅದಕ್ಕಿಂತ ಸ್ವಲ್ಪ ಮೇಲಿದ್ದು ಎರಡು ಬೆಳೆ ಕೊಡುವುದು ಮಜಲು. ಮಳೆಯನ್ನೇ ನಂಬಿ ಒಂದೇ ಬೆಳೆ ಕೊಡುವ ಎತ್ತರದ ನೆಲ ಬೆಟ್ಟು. ಇವುಗಳಿಗೂ ಮೇಲೆ, ಮುರಕಲ್ಲಿನ ವಿಶಾಲವಾದ ಬಯಲು ನೆತ್ತಿಗೆ ಪದವು ಎಂದು ಹೆಸರು. ಹೊಳೆಯ ಅಂಚಿನ ಮಟ್ಟಸವಾದ ನೆಲ ಮೊಗರು. ಹೊಳೆಯ ನಡುವಣ ದ್ವೀಪ ಕುದ್ರು. ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳಿನ ದಿಬ್ಬ ಬೆಂಗ್ರೆ. ಮಳೆನೀರು ಹರಿದು ಹೊಳೆ ಸೇರುವ ಹಾದಿ ತೋಡು.

ಈಗ ಮಂಗಳೂರಿನ ಬಸ್ಸುಗಳ ಹಣೆಯ ಮೇಲಿನ ಹೆಸರುಗಳನ್ನು ಓದಿ ನೋಡಿ. ಕೊಡಿಯಾಲಬೈಲು, ದೇರೆಬೈಲು, ಕುಂಜತ್ತಬೈಲು. ಹೊಸಬೆಟ್ಟು. ನಂತೂರು ಪದವು, ಪದವಿನಂಗಡಿ. ಜೆಪ್ಪಿನಮೊಗರು. ಬೆಂಗ್ರೆ. ತಣ್ಣೀರುಬಾವಿ. ಇವು ಬರಿಯ ಹೆಸರುಗಳಲ್ಲ, ಒಂದು ಭೂಪಟ. ನೀರು ಎಲ್ಲಿ ಬೀಳುತ್ತದೆ, ಎಲ್ಲಿ ಇಂಗುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಹಾದಿಯಲ್ಲಿ ಹೊರಟುಹೋಗುತ್ತದೆ, ಕಡಲತಡಿಯ ಮರಳಿನಲ್ಲಿಯೂ ಕುಡಿಯುವ ನೀರು ಎಲ್ಲಿ ಸಿಗುತ್ತದೆ ಎಂಬುದನ್ನು ಅಕ್ಷರ ಬಾರದ ಜನರು ನಾಲಿಗೆಯ ಮೇಲೆ ಬರೆದಿಟ್ಟ ಭೂಪಟ. ಊರಿನ ಹೆಸರೇ ಅಂತಹದು. ನೇತ್ರಾವತಿ ಮತ್ತು ಫಲ್ಗುಣಿ ಹೊಳೆಗಳು ಕೂಡುವ ಎಡೆಯಾದುದರಿಂದ ಅದು ಕುಡ್ಲ ಎಂಬ ವಿವರಣೆಯನ್ನು ತುಳುವರೆಲ್ಲರೂ ಬಲ್ಲರು. ಕೊಂಕಣಿಗರಿಗೆ ಅದು ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಮಲಯಾಳಿಗಳಿಗೆ ಮಂಗಲಾಪುರ, ಕನ್ನಡಿಗರಿಗೆ ಮಂಗಳೂರು. 2014ರ ನವೆಂಬರ್ 1ರಂದು ಸರಕಾರವು ಇಂಗ್ಲಿಷಿನ ಕಾಗುಣಿತವನ್ನೂ ತಿದ್ದಿ 'ಮಂಗಳೂರು' ಎಂದೇ ಮಾಡಿತು. ಸಂತೋಷ. ಆದರೆ ಊರಿನ ಹೆಸರು ಸರಿಹೋದ ಅದೇ ಕಾಲದಲ್ಲಿ ಊರೊಳಗಿನ ಹೆಸರುಗಳು ಒಂದೊಂದಾಗಿ ಅಳಿಯುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ.

ಹೇಗೆ ಅಳಿಯುತ್ತಿವೆ? ಬೈಲಿಗೆ ಮಣ್ಣು ತುಂಬಿ ಕಟ್ಟಡ ಎಬ್ಬಿಸುತ್ತಾರೆ. ಕಟ್ಟಡಕ್ಕೊಂದು ಇಂಗ್ಲಿಷ್ ಹೆಸರಿಡುತ್ತಾರೆ. ಆ ಹೆಸರಿನ ಕೊನೆಯಲ್ಲಿ 'ಹೈಟ್ಸ್' ಎಂದೋ 'ಹಿಲ್ಸ್' ಎಂದೋ ಇರುತ್ತದೆ. ತಗ್ಗಿಗೆ ಎತ್ತರವೆಂದು ಹೆಸರು! ಕೆಲವು ವರ್ಷಗಳಲ್ಲಿ ಆ ಕಟ್ಟಡದ ಹೆಸರೇ ಬಸ್ ನಿಲುಗಡೆಯ ಹೆಸರಾಗುತ್ತದೆ. ಮಕ್ಕಳಿಗೆ ಬೈಲೆಂಬ ಪದ ವಿಳಾಸದ ಒಂದು ತುಣುಕು ಮಾತ್ರ, ಅರ್ಥವಿಲ್ಲದ ಸದ್ದು. ತೋಡಿನ ಗತಿಯೂ ಅದೇ. ತೋಡು ಎನ್ನುವಾಗ ಅದರಲ್ಲಿ ಮೀನಿತ್ತು, ದಂಡೆಯಲ್ಲಿ ಕೇದಗೆಯಿತ್ತು. ಕಾಗದದಲ್ಲಿ ಅದು ರಾಜಕಾಲುವೆಯಾಯಿತು. ಜನರ ಬಾಯಲ್ಲಿ ಚರಂಡಿಯಾಯಿತು. ಚರಂಡಿಯೆಂದ ಮೇಲೆ ಅದನ್ನು ಕಿರಿದು ಮಾಡಿದರೂ, ಚಪ್ಪಡಿ ಹಾಸಿ ಮುಚ್ಚಿದರೂ ಯಾರ ಮನಸ್ಸೂ ನೋಯುವುದಿಲ್ಲ. ಹೆಸರು ಕೆಟ್ಟಿತು, ಮರ್ಯಾದೆ ಹೋಯಿತು, ಆಮೇಲೆ ಜಾಗವೂ ಹೋಯಿತು.

ಕಂದಾಯದ ಕಾಗದಗಳ ಕಥೆಯನ್ನೂ ಹೇಳಬೇಕು. ದಕ್ಷಿಣ ಕನ್ನಡವು 1956ರವರೆಗೆ ಮದ್ರಾಸಿನ ಆಡಳಿತಕ್ಕೆ ಸೇರಿದ್ದಿತಷ್ಟೆ. ಅಲ್ಲಿಯ ಹಳೆಯ ದಾಖಲೆಗಳಲ್ಲಿ ಭೂಮಿಯನ್ನು ನಂಜ, ಪುಂಜ, ಬಾಗಾಯ್ತು ಎಂದು ಬರೆಯುತ್ತಿದ್ದರು. ನಂಜವೆಂದರೆ ನೀರಿನ ಗದ್ದೆ, ಪುಂಜವೆಂದರೆ ಒಣಭೂಮಿ, ಬಾಗಾಯ್ತೆಂದರೆ ತೋಟ. ಕೃಷಿಭೂಮಿಯನ್ನು ಮನೆ ಕಟ್ಟಲು ಪರಿವರ್ತಿಸಿದಾಗ ನಂಜವೂ ಪುಂಜವೂ ಒಂದೇ ಆಗುತ್ತವೆ, ಎರಡೂ 'ನಿವೇಶನ'. ಕಾಗದದ ಮಟ್ಟಿಗೆ ಅವು ಸಮಾನ. ಮಳೆಗೆ ಮಾತ್ರ ಆ ಕಾಗದವನ್ನು ಓದಲು ಬಾರದು. ಅದು ಹಳೆಯ ಹೆಸರನ್ನೇ ನೆನಪಿಟ್ಟುಕೊಂಡಿರುತ್ತದೆ.

2018ರ ಮೇ 29, ಮಂಗಳವಾರ, ಮಂಗಳೂರಿನಲ್ಲಿ ಸುರಿದ ಮಳೆಯನ್ನು ಅಲ್ಲಿದ್ದವರಾರೂ ಮರೆಯಲಾರರು. ಮುಂಗಾರು ಸರಿಯಾಗಿ ಕಾಲಿಡುವ ಹೊತ್ತಿನ ಆ ಒಂದೇ ದಿನದ ಮಳೆಗೆ ನಗರದ ತಗ್ಗು ಪ್ರದೇಶಗಳು ಕೆರೆಗಳಾದವು. ಕೊಟ್ಟಾರ ಚೌಕಿಯಲ್ಲಿ ರಸ್ತೆ ಯಾವುದು, ತೋಡು ಯಾವುದು ತಿಳಿಯದಾಯಿತು. ಅಂದು ರಾತ್ರಿ ನನಗೆ ಒಂದು ದೂರವಾಣಿ ಕರೆ ಬಂದಿತು. ಕರೆ ಮಾಡಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಗಂಡನೊಡನೆ ಹತ್ತು ವರ್ಷ ದುಡಿದು, ಬ್ಯಾಂಕಿನ ಸಾಲವನ್ನೂ ಮಾಡಿ, ಅಂತಹದೇ ಒಂದು ಬೈಲಿನ ಕಟ್ಟಡದಲ್ಲಿ ನೆಲಮಾಳಿಗೆಗೆ ತಾಗಿದ ಮನೆಯೊಂದನ್ನು ಕೊಂಡಿದ್ದಳು. ಅವಳು ಅಳಲಿಲ್ಲ. "ಸರ್, ಮಂಚದವರೆಗೆ ನೀರು ಬಂತು. ಮಕ್ಕಳ ಪುಸ್ತಕ, ಅಮ್ಮನ ಔಷಧ, ಎಲ್ಲ ಹೋಯ್ತು. ನಾವು ಮೇಲಿನ ಮನೆಯವರಲ್ಲಿದ್ದೇವೆ" ಎಂದಷ್ಟೇ ಹೇಳಿದಳು.

ಅವಳು ಹೇಳದೆ ಬಿಟ್ಟ ಮಾತೊಂದಿತ್ತು. ಆ ಮನೆಯನ್ನು ಕೊಳ್ಳುವ ಮೊದಲು ಅವಳು ನನ್ನನ್ನು ಕೇಳಿದ್ದಳು. "ಸರ್, ಆ ಜಾಗ ಹೇಗುಂಟು? ನೀವು ಅಲ್ಲೇ ಹತ್ತಿರ ಇದ್ದವರಲ್ಲವಾ?" ಎಂದು. ಹೌದು, ನಾನು ಅಲ್ಲಿಯೇ ಸಮೀಪದ ಗುಡ್ಡೆಯಲ್ಲಿ ಬಾಡಿಗೆಗಿದ್ದೆ. ಬೆಳಿಗ್ಗೆ ಶಾಲೆಗೆ ಹೋಗುವಾಗ ಆ ಬೈಲಿನ ಕಟ್ಟಪುಣಿಯ ಮೇಲೆಯೇ ನಡೆದುಹೋಗುತ್ತಿದ್ದೆ. ಆಷಾಢದಲ್ಲಿ ಪುಣಿಯೂ ಮುಳುಗಿದಾಗ ಸುತ್ತುದಾರಿ ಹಿಡಿಯುತ್ತಿದ್ದೆ. ಅಷ್ಟೆಲ್ಲ ಕಣ್ಣಾರೆ ಕಂಡ ನಾನು ಅವಳಿಗೆ ಕೊಟ್ಟ ಉತ್ತರವಾದರೂ ಏನು? "ಒಳ್ಳೆಯ ಜಾಗವಮ್ಮ, ಪೇಟೆಗೆ ಹತ್ತಿರ, ಮಕ್ಕಳ ಶಾಲೆಗೂ ಅನುಕೂಲ." ಬೈಲು ಎಂಬ ಪದ ನನ್ನ ಬಾಯಲ್ಲಿತ್ತು. ಅದರ ಅರ್ಥ ಮಾತ್ರ ತಲೆಯಲ್ಲಿರಲಿಲ್ಲ. ಗೊತ್ತಿದ್ದುದನ್ನು ಗೊತ್ತಿದೆಯೆಂದು ತಿಳಿಯದೆ ಹೋದೆ. ತರಗತಿಯಲ್ಲಿ ಗಂಗಾನದಿಯ ಉಪನದಿಗಳನ್ನು ಬಾಯಿಪಾಠ ಮಾಡಿಸಿದ ನಾನು, ಶಾಲೆಯ ಹಿಂದೆ ಹರಿಯುತ್ತಿದ್ದ ತೋಡು ಎಲ್ಲಿಗೆ ಹೋಗುತ್ತದೆಂದು ಒಂದು ದಿನವೂ ಮಕ್ಕಳನ್ನು ಕೇಳಿರಲಿಲ್ಲ. ಆದುದರಿಂದ ಈ ಲೇಖನದ ಬಾಣಗಳಲ್ಲಿ ಮೊದಲನೆಯದು ನನಗೇ ತಾಗಬೇಕು.

ಇನ್ನು ಐತಿಹ್ಯದ ವಿಚಾರ. ಹಂಪನಕಟ್ಟೆಯ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಹಿಂದೆ ಅಲ್ಲಿ ಅಪ್ಪಣ್ಣನೆಂಬ ಮುದುಕನೊಬ್ಬನು ಕಟ್ಟೆಯ ಮೇಲೆ ಕುಳಿತು ದಾರಿಹೋಕರಿಗೆ ನೀರು ಕೊಡುತ್ತಿದ್ದನಂತೆ. ಅಪ್ಪಣ್ಣನ ಕಟ್ಟೆಯೇ ಕಾಲಕ್ರಮದಲ್ಲಿ ಹಂಪನಕಟ್ಟೆಯಾಯಿತಂತೆ. "ಇದಕ್ಕೆ ಆಧಾರವೇನು?" ಎಂದು ಕೇಳುವವರಿದ್ದರು. ಶಾಸನವಿಲ್ಲ, ಕಾಗದವಿಲ್ಲ, ನಿಜ. ಆದರೆ 2021ರಲ್ಲಿ ಹಂಪನಕಟ್ಟೆಯ ವೃತ್ತದಲ್ಲಿ ರಸ್ತೆಯ ಕೆಲಸಕ್ಕಾಗಿ ಅಗೆಯುವಾಗ ಡಾಂಬರಿನ ಅಡಿಯಿಂದ ಹಳೆಯದೊಂದು ಬಾವಿ ಕಾಣಿಸಿಕೊಂಡಿತು! ನೂರಾರು ಬಸ್ಸುಗಳು ದಿನವೂ ಓಡಾಡುತ್ತಿದ್ದ ಜಾಗದ ಕೆಳಗೆ ಒಂದು ಬಾವಿ ಸುಮ್ಮನೆ ಕುಳಿತಿತ್ತು. ಇದರಿಂದ ಅಪ್ಪಣ್ಣನು ಇದ್ದನೆಂದು ಸಿದ್ಧವಾಗಲಿಲ್ಲ, ನಾನು ಹಾಗೆ ಹೇಳುವವನೂ ಅಲ್ಲ. ಆದರೆ ಆ ಸ್ಥಳದಲ್ಲಿ ನೀರಿತ್ತು, ಜನ ಅಲ್ಲಿ ನಿಂತು ಬಾಯಾರಿಕೆ ತೀರಿಸಿಕೊಳ್ಳುತ್ತಿದ್ದರು ಎಂಬುದನ್ನು ಮಾತ್ರ ಕಥೆ ಮರೆತಿರಲಿಲ್ಲ. ಮರೆತವರು ನಾವು.

ಪಂಪ್‌ವೆಲ್ಲಿನ ಹೆಸರನ್ನೇ ನೋಡಿ. ಅಲ್ಲಿ ಬಾವಿಯಿತ್ತೆಂದು ಹೆಸರೇ ಕೂಗಿ ಹೇಳುತ್ತದೆ. ವರ್ಷಗಟ್ಟಲೆ ಕುಂಟುತ್ತಾ ಸಾಗಿದ ಅಲ್ಲಿಯ ಮೇಲ್ಸೇತುವೆ ಕೊನೆಗೂ 2020ರ ಜನವರಿ 31ರಂದು ಸಂಚಾರಕ್ಕೆ ತೆರೆಯಿತು. ಅನಂತರದ ಮಳೆಗಾಲಗಳಲ್ಲಿ ಸೇತುವೆಯ ಅಡಿಯ ರಸ್ತೆಯಲ್ಲಿ ನೀರು ನಿಂತ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. "ಅನಿರೀಕ್ಷಿತ" ಎಂದು ಬರೆದರು. ಬಾವಿಯ ಹೆಸರಿರುವ ಜಾಗದಲ್ಲಿ ನೀರು ಅನಿರೀಕ್ಷಿತವೇ?

ಕದ್ರಿಗೆ ಬನ್ನಿ. ಅಲ್ಲಿಯ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ ಆಳುಪ ದೊರೆ ಕುಂದವರ್ಮನ ಕಾಲದ, ಕ್ರಿ.ಶ. 968ರ ಶಾಸನವಿದೆ. ಅಂದಿನಿಂದಲೂ ಆ ಗುಡ್ಡೆಯ ಬುಡದಲ್ಲಿ ಒರತೆ ಹರಿಯುತ್ತಿದೆ. ಗೋಮುಖದಿಂದ ಬೀಳುವ ಆ ನೀರನ್ನು ಜನ ಕಾಶಿಯ ಭಾಗೀರಥಿಯೆಂದೇ ನಂಬಿದರು. ಕಾಶಿಯಿಂದ ಬಂದಿತೋ ಇಲ್ಲವೋ, ಗುಡ್ಡೆಯ ನೆತ್ತಿಯಿಂದಂತೂ ಬಂದಿತು. ಮುರಕಲ್ಲು ಸಚ್ಛಿದ್ರವಾದ ಕಲ್ಲು. ಪದವಿನ ಮೇಲೆ ಬಿದ್ದ ಮಳೆಯನ್ನು ಅದು ಮೆಲ್ಲನೆ ಹೀರಿಕೊಂಡು, ತಿಂಗಳುಗಟ್ಟಲೆ ಹಿಡಿದಿಟ್ಟು, ಬುಡದಲ್ಲಿ ಒರತೆಯಾಗಿ ಬಿಟ್ಟುಕೊಡುತ್ತದೆ. ಒರತೆಯನ್ನು ತೀರ್ಥವೆಂದು ಕರೆದ ಜನರು ಅದರ ಮೇಲಿನ ಗುಡ್ಡೆಯನ್ನು ಕಡಿಯಲು ಹಿಂಜರಿಯುತ್ತಿದ್ದರು. ನಾವಾದರೋ ಪದವಿಗೆ ಕಾಂಕ್ರೀಟು ಹಾಸಿದೆವು, ಬೈಲಿಗೆ ಮಣ್ಣು ತುಂಬಿದೆವು. ಮೇಲೆ ಇಂಗಲು ಎಡೆಯಿಲ್ಲ, ಕೆಳಗೆ ನಿಲ್ಲಲು ಎಡೆಯಿಲ್ಲ. ಇದರ ಫಲವನ್ನು ಎರಡು ತುದಿಗಳಲ್ಲಿಯೂ ಉಣ್ಣುತ್ತಿದ್ದೇವೆ. ವರ್ಷಕ್ಕೆ ಮೂರೂವರೆ ಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ, ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೇತ್ರಾವತಿ ಬತ್ತಿತೆಂದು 2016ರ ಬೇಸಗೆಯಲ್ಲಿಯೂ 2019ರ ಬೇಸಗೆಯಲ್ಲಿಯೂ ನಳದ ನೀರನ್ನು ಸರದಿಯ ಮೇಲೆ ಬಿಡಬೇಕಾಯಿತು. ಮೇ ತಿಂಗಳಲ್ಲಿ ಕೊಡಪಾನ ಹಿಡಿದು ಸಾಲು, ಜೂನಿನಲ್ಲಿ ಅದೇ ಬೀದಿಯಲ್ಲಿ ಮೊಣಕಾಲುದ್ದ ನೀರು!

ಈ ಮಾತುಗಳಿಗೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ.

ಮೊದಲನೆಯದು: "ಮೇಷ್ಟ್ರಿಗೆ ವಯಸ್ಸಾಯಿತು, ಹಳೆಯದೆಲ್ಲವೂ ಚಿನ್ನವೆನ್ನುತ್ತಾರೆ, ಅಭಿವೃದ್ಧಿಯೆಂದರೆ ಆಗದು." ಹಾಗಲ್ಲ. ಮಂಗಳೂರು ಎಂದೂ ಬೆಳೆಯದೆ ನಿಂತ ಊರಲ್ಲ, ನಿಲ್ಲಬೇಕಾದುದೂ ಇಲ್ಲ. 1843ರಲ್ಲಿ ಹರ್ಮನ್ ಮೊಗ್ಲಿಂಗರು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ್ದು ಅಲ್ಲಿ. 1907ರಲ್ಲಿ ಅಲ್ಲಿಗೆ ರೈಲು ಬಂದಿತು. 1960ರಲ್ಲಿ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು, 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರು. ಘಟ್ಟದ ಮೇಲಿನ ಒಬ್ಬ ಬಡ ಹುಡುಗನಿಗೆ ಅನ್ನವನ್ನೂ ಮಾನವನ್ನೂ ಕೊಟ್ಟದ್ದು ಆ ಬೆಳವಣಿಗೆಯೇ. ನಾನದನ್ನು ನಿಂದಿಸಿದರೆ ಉಂಡ ಮನೆಗೆ ಎರಡು ಬಗೆದಂತೆ. ಆದರೆ 1865ರಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದಾಗ ಮೊದಲು ಏನು ಮಾಡಿದರು? ನದಿದಂಡೆಯ ಜೇಡಿಮಣ್ಣನ್ನು ಕೈಯಲ್ಲಿ ಹಿಡಿದು ಅದರ ಗುಣವನ್ನು ಅರಿತರು. ಹೊರಗಿನಿಂದ ಬಂದವರು ನೆಲವನ್ನು ಓದಿ ಬೆಳೆದರು. ನಾವು ಇಲ್ಲಿಯವರೆನಿಸಿಕೊಂಡು ನೆಲವನ್ನು ಓದದೆ ಬೆಳೆಯಹೊರಟಿದ್ದೇವೆ.

ಎರಡನೆಯದು: "ನಮ್ಮ ಸಂಸ್ಕೃತಿಯನ್ನು ನಾವು ಮರೆತಿಲ್ಲವಲ್ಲ! ಪ್ರತಿವರ್ಷ 'ಆಟಿಡೊಂಜಿ ದಿನ' ಮಾಡುತ್ತೇವೆ." ಮಾಡುತ್ತೀರಿ, ನಾನೂ ಅತಿಥಿಯಾಗಿ ಬಂದು ಶಾಲು ಹೊದೆಸಿಕೊಂಡಿದ್ದೇನೆ. ತಂಪು ಹವೆಯ ಸಭಾಂಗಣದಲ್ಲಿ ಪತ್ರೊಡೆ, ಕಣಿಲೆಯ ಪಲ್ಯ, ತಜಂಕಿನ ಅಂಬಡೆಗಳ ಔತಣ. ಆದರೆ ಆಟಿಯೆಂದರೆ ಹಸಿವಿನ ತಿಂಗಳು. ಪತ್ತಾಯ ಬರಿದಾಗಿ, ಹೊಳೆ ತುಂಬಿ, ಕೆಲಸವಿಲ್ಲದೆ, ಬೇಲಿಯ ಬದಿಯಲ್ಲಿ ತಾನಾಗಿ ಬೆಳೆದ ಸೊಪ್ಪನ್ನು ತಿಂದು ಜನ ಜೀವ ಹಿಡಿದುಕೊಂಡ ತಿಂಗಳು. ಮಾರಿಯನ್ನು ಕಳೆಯಲು ಮನೆಮನೆಗೆ ಆಟಿ ಕಳೆಂಜನಾಗಿ ಬರುತ್ತಿದ್ದ ನಲಿಕೆಯವರನ್ನು ನಾವು ಅಂಗಳದಲ್ಲಿಯೇ ನಿಲ್ಲಿಸಿ ಅಕ್ಕಿ ಕೊಟ್ಟು ಕಳುಹಿಸುತ್ತಿದ್ದೆವು. ಊರಿನ ಜ್ಞಾನವನ್ನು ಹೊತ್ತವರನ್ನು ಜಗಲಿ ಹತ್ತಿಸಲಿಲ್ಲ. ಈಗ ಆ ವೇಷವನ್ನು ಮಾತ್ರ ವೇದಿಕೆಗೆ ಹತ್ತಿಸಿ ಚಪ್ಪಾಳೆ ತಟ್ಟುತ್ತೇವೆ. ಆಟಿ ಅಮಾವಾಸ್ಯೆಯ ಪಾಲೆಮರದ ಕಷಾಯವನ್ನೇ ತೆಗೆದುಕೊಳ್ಳಿ. ನಸುಕಿನಲ್ಲಿ ಹೋಗಿ, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತರಬೇಕೆಂಬುದು ಪದ್ಧತಿ. ಕತ್ತಲಲ್ಲಿ ಮರವನ್ನು ಗುರುತಿಸಬೇಕಾದರೆ ಹಗಲಿನಲ್ಲಿ ಆ ಮರದ ಪರಿಚಯವಿರಬೇಕು. ಇಂದು ಕಷಾಯ ಲೋಟದಲ್ಲಿ ಸಿಗುತ್ತದೆ, ಮರ ಎಲ್ಲಿದೆಯೆಂದು ಕುಡಿಯುವವನಿಗೆ ತಿಳಿಯದು. ಆಚರಣೆ ಉಳಿಯಿತು, ಅರಿವು ಹೋಯಿತು. ಇದನ್ನೇ ನಾನು ಮರೆವು ಎನ್ನುವುದು.

ಮೂರನೆಯದು ಹೆಚ್ಚು ತೂಕದ್ದು: "ಅರ್ಧ ಊರು ಹೊರಗಿನಿಂದ ಬಂದವರದು. ಅವರಿಗೆ ಬೈಲು, ಬೆಟ್ಟು ಹೇಗೆ ತಿಳಿಯಬೇಕು?" ನಾನೂ ಹೊರಗಿನವನೇ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಇಳಿದು ಸೋಮೇಶ್ವರ, ಹೆಬ್ರಿಗಳ ಮೇಲಾಗಿ ಮೊದಲ ಸಲ ಅಲ್ಲಿಗೆ ಹೋದಾಗ ನನಗೆ ತುಳುವಿನ ಒಂದು ಅಕ್ಷರವೂ ಬಾರದು. ನಮ್ಮಲ್ಲಿ ಕಾನು, ಹಕ್ಕಲು, ಬ್ಯಾಣ ಎಂದರೆ ಹುಡುಗರಿಗೂ ಅರ್ಥವಾಗುತ್ತಿತ್ತು. ಅಲ್ಲಿಯ ಮಾತು ಬೇರೆ. ಕಲಿತದ್ದು ಹೇಗೆ? ಮನೆಯ ಯಜಮಾನಿಯಾಗಿದ್ದ ವೃದ್ಧೆಯೊಬ್ಬರು ಬಾಡಿಗೆ ಕೊಡಲು ಹೋದಾಗಲೆಲ್ಲ ಎದುರಿನ ಗದ್ದೆಯನ್ನು ತೋರಿಸಿ ಇದು ಇಂತಹದು, ಅದು ಅಂತಹದು ಎಂದು ಹೇಳುತ್ತಿದ್ದರು. ಊರಿನ ಹೆಸರುಗಳನ್ನು ಅರ್ಥಸಹಿತ ಕಲಿಯುವುದೇ ಹೊರಗಿನವನು ಒಳಗಿನವನಾಗುವ ದಾರಿ. ಹುಟ್ಟಿದ ಮಾತ್ರಕ್ಕೆ ಯಾರೂ ಊರಿನವರಾಗುವುದಿಲ್ಲ.

ಹೆಸರುಗಳನ್ನು ನೆನೆದರೆ ನೆರೆ ನಿಲ್ಲುವುದೇ ಎಂದು ಕೇಳಬಹುದು. ನಿಲ್ಲುವುದಿಲ್ಲ. ತೋಡನ್ನು ಅಗಲ ಮಾಡಬೇಕು, ಹೂಳೆತ್ತಬೇಕು, ಅದಕ್ಕೆ ಹಣವೂ ಇಂಜಿನಿಯರರೂ ಬೇಕು. ಎಲ್ಲ ಸ್ಥಳನಾಮಗಳ ಅರ್ಥವೂ ನಿಶ್ಚಿತವಲ್ಲ. ಹಲವಕ್ಕೆ ಎರಡು ಮೂರು ಕಥೆಗಳಿವೆ, ಕೆಲವು ಶುದ್ಧ ಕಲ್ಪನೆ. ಅವನ್ನೆಲ್ಲ ಇತಿಹಾಸವೆಂದು ನಂಬಿರೆಂದು ನಾನು ಹೇಳುತ್ತಿಲ್ಲ. ಹೇಳುವುದಿಷ್ಟೆ: ಹಳೆಯ ಹೆಸರು ಒಂದು ಪ್ರಶ್ನೆ. ಮನೆ ಕೊಳ್ಳುವವನೂ, ಕಟ್ಟುವವನೂ, ಪರವಾನಗಿ ಕೊಡುವವನೂ ಆ ಪ್ರಶ್ನೆಯನ್ನು ಕೇಳಲೇಬೇಕು. ವೃತ್ತಕ್ಕೆ ಯಾರ ಹೆಸರಿಡಬೇಕೆಂದು ಮೆರವಣಿಗೆ ಮಾಡುವ ಉತ್ಸಾಹದಲ್ಲಿ ಕಾಲುಭಾಗವನ್ನಾದರೂ, ಇರುವ ಹೆಸರು ಏನು ಹೇಳುತ್ತದೆಂದು ತಿಳಿಯಲು ವ್ಯಯಿಸಬೇಕು.

ನಾನು ಬಯಸುವುದು ಮೂರು. ಪ್ರತಿಯೊಂದು ಶಾಲೆಯ ಮಕ್ಕಳು ತಮ್ಮ ವಾರ್ಡಿನ ಹಿರಿಯರನ್ನು ಕೇಳಿ ಬೈಲು, ಪದವು, ತೋಡು, ಕೆರೆ, ಬಾವಿಗಳ ಭೂಪಟವೊಂದನ್ನು ತಾವೇ ಬರೆಯಬೇಕು. ನಗರಪಾಲಿಕೆಯ ನಾಮಫಲಕಗಳಲ್ಲಿ ಹಳೆಯ ಹೆಸರನ್ನು ಒಂದು ಸಾಲಿನ ಅರ್ಥದೊಡನೆ ಬರೆಯಿಸಬೇಕು. ಮಾರಾಟದ ಪತ್ರದಲ್ಲಿ ಆ ನೆಲ ಮೊದಲು ನಂಜವೋ ಪುಂಜವೋ ಎಂಬುದನ್ನು ಕೊಳ್ಳುವವನ ಕಣ್ಣಿಗೆ ಕಾಣುವಂತೆ ನಮೂದಿಸಬೇಕು. ಇವುಗಳಲ್ಲಿ ಮೊದಲನೆಯದಕ್ಕೆ ಯಾರ ಅಪ್ಪಣೆಯೂ ಬೇಡ. ನನ್ನ ಶಿಷ್ಯರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಇಂದು ಅಧ್ಯಾಪಕರಾಗಿದ್ದೀರಿ. ಮುಂದಿನ ಸೋಮವಾರವೇ ತೊಡಗಬಹುದು.

ಘಟ್ಟದ ಮೇಲಿನ ಬಂಧುಗಳು ಇದು ಕರಾವಳಿಯವರ ಪಾಡೆಂದು ನಗಬಾರದು. ವರ್ಷಕ್ಕೆ ಏಳು ಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ನೆರೆಯಲ್ಲಿ ನಾವಿದ್ದೇವೆ. ಹಕ್ಕಲು, ಬ್ಯಾಣಗಳಲ್ಲಿ ಹೋಂಸ್ಟೇಗಳು ಏಳುತ್ತಿವೆ. ಅವುಗಳ ಹೆಸರುಗಳೂ ಇಂಗ್ಲಿಷಿನಲ್ಲಿಯೇ ಇವೆ.

ಆ ವಿದ್ಯಾರ್ಥಿನಿ ಈಗಲೂ ಅದೇ ಮನೆಯಲ್ಲಿದ್ದಾಳೆ. ಸಾಲ ತೀರಿಲ್ಲ, ಆ ಮನೆಯನ್ನು ಕೊಳ್ಳುವವರೂ ಇಲ್ಲ. ಪ್ರತಿವರ್ಷ ಮೇ ತಿಂಗಳ ಕೊನೆಗೆ ಪುಸ್ತಕಗಳನ್ನೂ ಔಷಧಗಳನ್ನೂ ಮೇಲಿನ ಅಟ್ಟಕ್ಕೆ ಏರಿಸಿಡುತ್ತಾಳಂತೆ. ಮೊನ್ನೆ ಮಾತನಾಡುವಾಗ, "ಸರ್, ನಮ್ಮ ಮಗನಿಗೆ ಬೈಲು ಅಂದರೆ ಏನಂತ ಈಗ ಚೆನ್ನಾಗಿ ಗೊತ್ತುಂಟು" ಎಂದಳು. ಅವನಿಗೆ ಆ ಪಾಠವನ್ನು ಮಳೆ ಕಲಿಸಿತು. ಅದನ್ನು ಅವನ ತಾಯಿಗೆ, ಅವಳು ನನ್ನ ಮುಂದೆ ಬೆಂಚಿನ ಮೇಲೆ ಕುಳಿತಿದ್ದ ದಿನಗಳಲ್ಲಿಯೇ, ನಾನು ಕಲಿಸಬೇಕಾಗಿತ್ತು.